ಕುಂಕುಮ ಕಚ್ಚಿದ ಸೀಲು

ವಾರಂಟಿಗೆ ಬಂದ ಗಾಡಿಯನ್ನು ಮುಟ್ಟುವ ಮೊದಲು ನಾನು ಕೈ ತೊಳೆಯುತ್ತಿದ್ದೆ. ಮಿಸ್ತ್ರಿಗಳು ಕೆಲಸ ಮುಗಿದ ಮೇಲೆ ತೊಳೆಯುತ್ತಾರೆ. ನನ್ನ ಬೆರಳಿನ ಜಿಡ್ಡು ಗಾಡಿಯ ಜಿಡ್ಡಿನೊಂದಿಗೆ ಬೆರೆಯಬಾರದು ಎಂಬುದು ಸೈನ್ಯದ ವರ್ಕ್‌ಶಾಪಿನಲ್ಲಿ ನನಗೆ ಹತ್ತಿದ ಅಭ್ಯಾಸ. ಆಮೇಲಿನ ಕ್ರಮವೂ ಬದಲಾಗುತ್ತಿರಲಿಲ್ಲ. ಮೊದಲು ಚಾಸಿ ನಂಬರು, ನಂತರ ಮೀಟರಿನ ಕೇಬಲ್, ನಂತರ ಡೀಸೆಲ್ ಪಂಪಿನ ಸೀಲು. ಸೀಲು ಸರಿ ಇದ್ದರೆ ಮಾತ್ರ ಇಂಜಿನ್ ಬಿಚ್ಚಿಸುತ್ತಿದ್ದೆ. ಒಡೆದಿದ್ದರೆ ಮಾಲೀಕನಿಗೆ ಕೈ ಮುಗಿದು, ಸ್ವಂತ ಖರ್ಚಿನಲ್ಲಿ ರಿಪೇರಿ ಮಾಡಿಸಿಕೊಳ್ಳಿ ಎಂದು ಹೇಳಿ ಎದ್ದುಬಿಡುತ್ತಿದ್ದೆ. ವಾದಕ್ಕೆ ನಿಂತವರಿಗೆ ಕುರ್ಚಿ ಕೊಡುತ್ತಿರಲಿಲ್ಲ.

ಇದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಪುಣೆಯ ಸಾತಾರಾ ರಸ್ತೆಯಲ್ಲಿ ಸಣ್ಣ ಡೀಸೆಲ್ ಟ್ರಕ್ಕುಗಳನ್ನು ಮಾರುವ ಡೀಲರೊಬ್ಬರ ವರ್ಕ್‌ಶಾಪಿನಲ್ಲಿ ನಾನು ವಾರಂಟಿ ತಪಾಸಣೆಗಾರನಾಗಿದ್ದೆ. ಗಾಡಿ ತಯಾರಿಸುವ ಕಂಪನಿ ಬೇರೆ, ನಮ್ಮ ಶೇಠರ ಡೀಲರ್‌ಶಿಪ್ ಬೇರೆ. ಇಂಜಿನ್ ಕೆಟ್ಟರೆ ಹೊಸದು ಕೊಡುವವರು ಕಂಪನಿಯವರು. ಕೊಡಬಹುದು ಎಂದು ನೋಡಿ ಸಹಿ ಹಾಕುವವನು ನಾನು.

ಸೀಲಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ನಿಗೆ ಎಷ್ಟು ಡೀಸೆಲ್ ಹೋಗಬೇಕು ಎಂಬುದನ್ನು ಪಂಪಿನ ಮೇಲಿನ ಒಂದು ಸ್ಕ್ರೂ ನಿರ್ಧರಿಸುತ್ತದೆ. ಅದನ್ನು ತುಸು ತಿರುಗಿಸಿದರೆ ಡೀಸೆಲ್ ಹೆಚ್ಚು ಹೋಗುತ್ತದೆ, ಗಾಡಿ ಘಾಟಿನಲ್ಲಿ ಬೇರೆಯವರನ್ನು ಹಿಂದೆ ಹಾಕಿ ಏರುತ್ತದೆ. ಡ್ರೈವರುಗಳು ಇದಕ್ಕೆ ‘ಪುಲ್ಲಿಂಗ್ ಬಿಡಿಸುವುದು’ ಎನ್ನುತ್ತಿದ್ದರು. ಆದರೆ ಹೆಚ್ಚಿನ ಡೀಸೆಲ್ ಪೂರ್ತಿ ಉರಿಯದೆ ಕರಿಹೊಗೆಯಾಗುತ್ತದೆ, ಪಿಸ್ಟನ್ನಿನ ತಲೆ ಮಿತಿಮೀರಿ ಕಾಯುತ್ತದೆ, ಒಂದು ದಿನ ಕರಗುತ್ತದೆ. ಅದಕ್ಕಾಗಿಯೇ ಆ ಸ್ಕ್ರೂವಿಗೆ ತಂತಿ ಪೋಣಿಸಿ, ಸೀಸದ ಗುಂಡು ಹಾಕಿ, ಪಕ್ಕಡದಿಂದ, ಅಂದರೆ ಇಕ್ಕಳದಿಂದ, ಒತ್ತಿ ಸೀಲು ಮಾಡುತ್ತಿದ್ದೆವು. ಪಕ್ಕಡದ ಬಾಯಲ್ಲಿ ನಮ್ಮ ಡೀಲರ್ ನಂಬರು ಕೆತ್ತಿತ್ತು. ಅಂಥ ಪಕ್ಕಡ ಇದ್ದದ್ದು ಒಂದೇ, ನನ್ನ ಕಪಾಟಿನಲ್ಲಿ. ಕೀಲಿ ನನ್ನ ಕೊರಳ ದಾರದಲ್ಲಿ. ಮೊದಲ ಸರ್ವಿಸ್ ಆದ ಪ್ರತಿ ಗಾಡಿಗೆ ನಾನೇ ಹೋಗಿ ಸೀಲು ಒತ್ತುತ್ತಿದ್ದೆ.

ವರ್ಷಕ್ಕೊಮ್ಮೆ ಮಾತ್ರ ಆ ಪಕ್ಕಡ ಕಪಾಟಿನ ಹೊರಗೆ ರಾತ್ರಿ ಕಳೆಯುತ್ತಿತ್ತು. ಖಂಡೇನವಮಿಯ, ಅಂದರೆ ಆಯುಧಪೂಜೆಯ ದಿನ.

ಆ ಹಬ್ಬದ ಪೂಜೆ ನಮ್ಮ ಫೋರ್‌ಮನ್ನನ ಉಸ್ತುವಾರಿ. ಅವನು ಬಾಗಲಕೋಟೆ ಕಡೆಯವನು, ನನ್ನ ಊರಿನ ಪಕ್ಕದ ಊರು. ಅವನನ್ನು ಪುಣೆಗೆ ಕರೆಸಿ ಕೆಲಸಕ್ಕೆ ಹಚ್ಚಿದವನು ನಾನೇ. ರವಿವಾರ ನಮ್ಮ ಮನೆಯಲ್ಲಿ ಜೋಳದ ರೊಟ್ಟಿ ಉಣ್ಣುತ್ತಿದ್ದ, ನನ್ನ ಹೆಂಡತಿಯನ್ನು ವೈನಿ ಎನ್ನುತ್ತಿದ್ದ, ನನ್ನ ಮಕ್ಕಳಿಗೆ ಕಾಕಾ ಆಗಿದ್ದ. ದೈವಭಕ್ತ. ಬೋಲ್ಟು ಬಿಚ್ಚುವ ಪಾನಾ, ಸುತ್ತಿಗೆ, ಜಾಕು, ಪಕ್ಕಡ, ಎಲ್ಲವನ್ನೂ ತೊಳೆದು ದೇವಿಯ ಫೋಟೋದ ಮುಂದೆ ಸಾಲಾಗಿ ಇಟ್ಟು, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಕಬ್ಬಿಣಕ್ಕೆ ಹಚ್ಚಿ, ಚಂಡುಹೂ ಏರಿಸುತ್ತಿದ್ದ. ಹಾಗೆ ಇಟ್ಟ ಆಯುಧವನ್ನು ದಸರೆಯ ಬೆಳಗಿನವರೆಗೆ ಯಾರೂ ಮುಟ್ಟುವಂತಿಲ್ಲ. ಕಪಾಟಿಗೆ ಕೀಲಿ ಹಾಕುವ ನಾನು ದೇವಿಯ ಮುಂದಿಟ್ಟದ್ದಕ್ಕೆ ಕೀಲಿ ಹಾಕುವ ಯೋಚನೆಯನ್ನೂ ಮಾಡಿರಲಿಲ್ಲ. ಮಾಡಿದ್ದರೆ ದೇವಿಗೇ ಅವಮಾನವಾಗುತ್ತಿತ್ತು.

ಗಾಡಿ ಕೊಂಡವರೂ ಆ ದಿನ ತಮ್ಮ ಗಾಡಿ ತಂದು ಪೂಜೆಗೆ ನಿಲ್ಲಿಸಿ, ದಸರೆಯ ಬೆಳಿಗ್ಗೆ ಬನ್ನಿ ಹಂಚಿ ಒಯ್ಯುತ್ತಿದ್ದರು. ಸಂಜೆ ಆರತಿಯಾದ ಮೇಲೆ ನಾವೆಲ್ಲ ಮನೆಗೆ. ಫೋರ್‌ಮನ್ ಮಾತ್ರ, "ದೀಪ ಆರಬಾರದು, ನಾ ಇಲ್ಲೇ ಇರ್ತೀನ್ರಿ" ಎಂದು ಉಳಿಯುತ್ತಿದ್ದ. ಶೇಠರು ಪ್ರತಿ ವರ್ಷ ಎಲ್ಲರೆದುರು ಅವನ ಬೆನ್ನು ತಟ್ಟುತ್ತಿದ್ದರು. ಮರುದಿನ ನಾನು ಬಂದು ಪಕ್ಕಡವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಾಯಲ್ಲಿ ಕೂತ ಕುಂಕುಮವನ್ನು ಸೂಜಿಯಿಂದ ಕೆರೆದು ತೆಗೆದು, ಒರೆಸಿ ಕಪಾಟಿಗೆ ಸೇರಿಸುತ್ತಿದ್ದೆ. ಅದೂ ನನ್ನ ಕ್ರಮದಲ್ಲಿ ಒಂದು.

ಆ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಗಾಡಿಯನ್ನು ಹಗ್ಗ ಕಟ್ಟಿ ಎಳೆದು ತಂದರು. ಮಾಲೀಕ ಬಿಬವೇವಾಡಿಯವನು, ಮೂಲ ಕಲಬುರ್ಗಿ ಸೀಮೆ. ಪುಣೆಗೆ ಗಾರೆ ಕೆಲಸಕ್ಕೆ ಬಂದು, ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ ಮಾಡಿ, ಈಗ ಸ್ವಂತ ಗಾಡಿಯಲ್ಲಿ ಸಾತಾರಾ ಕಡೆಯ ಶುಂಠಿ ತರುತ್ತಿದ್ದ. ಲಿಲಾವಿಗೆ, ಅಂದರೆ ಹರಾಜಿಗೆ, ಮುಂಚೆ ಮುಟ್ಟಿದವನ ಮಾಲಿಗೆ ಬೆಲೆ, ತಡವಾದವನದು ಕೇಳುವವರಿಲ್ಲ. ನಡುವೆ ಎರಡು ಘಾಟು. ಅಂಥವನಿಗೆ ಇಂಜಿನ್ನೇ ಹೊಟ್ಟೆ.

ನಾನು ಕೈ ತೊಳೆದು ಬಂದೆ. ಚಾಸಿ ನಂಬರು ಸರಿ. ಕೇಬಲ್ ಸರಿ. ಪಂಪಿನ ಸೀಲು ಜಾಗದಲ್ಲೇ ಇತ್ತು, ನಮ್ಮ ನಂಬರು ಕಾಣುತ್ತಿತ್ತು. ಇಂಜಿನ್ ಬಿಚ್ಚಲು ಹೇಳಿ, ಅಷ್ಟರಲ್ಲಿ ಅವನನ್ನು ಕೇಳಿದೆ.

"ಎಲ್ಲಿ ನಿಂತಿತು?"

"ಖಂಬಾಟಕಿ ಘಾಟ್ ಅರ್ಧಾ ಏರಿದ್ದೆರಿ ಸಾಹೇಬ್ರ, ತುಂಬಿದ ಗಾಡಿ. ದಮ್ಮು ಕಟ್ಟಿದಂಗಾಗಿ ನಿಂತೇ ಬಿಡ್ತು. ಬ್ರೇಕ್ ಹಿಡದ್ರೂ ಹಿಂದಕ್ಕ ಜಾರ್ಲಿಕ್ಹತ್ತಿತ್ರಿ. ನಮ್ಮಾಕಿ ಸಂಗಾಟ ಇದ್ಳು, ಜಿಗದು ಗಾಲಿಗಿ ಕಲ್ಲು ಕೊಟ್ಳು. ಇಲ್ಲಂದ್ರ ಹಿಂದ ಒಂದು ಎಸ್ಟಿ ಬಸ್ ಬರ್ಲಿಕ್ಹತ್ತಿತ್ರಿ, ಮಂದಿ ತುಂಬಿದ್ದು."

"ಹೊಗಿ ಹೆಂಗ ಬರ್ತಿತ್ತು?"

"ಕರೀದೇರಿ. ಹಬ್ಬದಿಂದ ಕರೀದೇ ಬರ್ಲಿಕ್ಹತ್ಯದ."

"ಹಬ್ಬದಿಂದ ಅಂದ್ರ?"

ಅವನು ನನ್ನನ್ನು ಆಶ್ಚರ್ಯದಿಂದ ನೋಡಿದ. "ನೀವು ಪುಲ್ಲಿಂಗ್ ಬಿಟ್ಟು ಕೊಟ್ರಲ್ರಿ, ಆವಾಗಿಂದ. ನವಮಿ ಪೂಜಾಕ್ಕ ಗಾಡಿ ತಂದವ್ರಿಗಿ ಕಂಪನಿ ಕಡಿಂದ ಬಿಟ್ಟು ಕೊಡ್ತಾರ ಅಂತ ಮಾರ್ಕೆಟ್ ಯಾರ್ಡಿನಾಗ ಎಲ್ಲಾರಿಗೂ ಗೊತ್ತದ. ಅದಕ್ಕಾಗೇ ನಾ ಮನಿ ಮುಂದ ಪೂಜಾ ಬಿಟ್ಟು ಇಲ್ಲಿ ತಂದಿದ್ದೆರಿ. ನಮ್ಮಾಕಿ ಭಾಳ ಬೈದ್ಳು, ಕುಂಬಳಕಾಯಿ ತಂದಿಟ್ಟಿದ್ಳು."

ಅವನ ಮುಖದಲ್ಲಿ ಕಪಟವಿರಲಿಲ್ಲ. ಹಬ್ಬಕ್ಕೆ ಕಂಪನಿ ಕೊಟ್ಟ ಪ್ರಸಾದವೆಂದೇ ಅವನು ನಂಬಿದ್ದ. ನಾನು ಮತ್ತೆ ಪಂಪಿನ ಹತ್ತಿರ ಹೋದೆ. ಸೀಲಿನ ಮೇಲಿನ ಜಿಡ್ಡನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ನಂಬರು ಓದುವ ಭೂತಗನ್ನಡಿ ಹಿಡಿದೆ. ಅಂಕಿಗಳ ಗೆರೆಯೊಳಗೆ ಕೆಂಪು ಇತ್ತು. ಸೂಜಿಯ ತುದಿಯಿಂದ ಒಂದು ಚೂರು ಎಬ್ಬಿಸಿ ಬಿಳಿ ಕಾಗದಕ್ಕೆ ಉಜ್ಜಿದೆ. ಕುಂಕುಮ.

ಈ ಗಾಡಿಯ ಮೊದಲ ಸರ್ವಿಸ್ ಆಗಿದ್ದು ಶ್ರಾವಣದಲ್ಲಿ. ನಾನು ಆಗ ಒತ್ತಿದ ಸೀಲಿನಲ್ಲಿ ಕುಂಕುಮ ಇರಲು ಸಾಧ್ಯವಿಲ್ಲ. ಪಕ್ಕಡದ ಬಾಯಲ್ಲಿ ಕುಂಕುಮ ಇರುತ್ತಿದ್ದುದು ವರ್ಷದಲ್ಲಿ ಒಂದೇ ರಾತ್ರಿ, ದೇವಿಯ ಮುಂದೆ. ಆ ರಾತ್ರಿ ಅಲ್ಲಿ ಇರುತ್ತಿದ್ದವನು ಒಬ್ಬನೇ.

ಅಷ್ಟರಲ್ಲಿ ಇಂಜಿನ್ನಿನ ಹೆಡ್ ಎತ್ತಿದ್ದರು. ಒಂದು ಪಿಸ್ಟನ್ನಿನ ತಲೆ ಅಂಚಿನಲ್ಲಿ ಬೆಲ್ಲದಂತೆ ಕರಗಿ ಸಿಲಿಂಡರಿನ ಲೈನರಿಗೆ ಹತ್ತಿಕೊಂಡಿತ್ತು. ಇಂಥ ಪಿಸ್ಟನ್ನುಗಳನ್ನು ಹಿಂದಿನ ವರ್ಷಗಳಲ್ಲೂ ನಾನು ನೋಡಿದ್ದೆ. ಸೀಲು ಸರಿ ಇದೆ, ಹಾಗಾದರೆ ಪಿಸ್ಟನ್ನಿನ ಎರಕದಲ್ಲೇ ದೋಷ ಎಂದು ಬರೆದು ಸಹಿ ಹಾಕಿದ್ದೆ. ಕಂಪನಿ ಒಂದು ಪ್ರಶ್ನೆ ಕೇಳದೆ ಇಂಜಿನ್ ಕಳಿಸಿತ್ತು.

ಫೋರ್‌ಮನ್ನನನ್ನು ಹಿಂದಿನ ಟೈರ್ ಕೋಣೆಗೆ ಕರೆದೆ.

"ಪಕ್ಕಡ ಯಾವಾಗ ತಗೊಂಡಿ?" ಎಂದೆ.

ಯಾವ ಪಕ್ಕಡ ಎಂದು ಅವನು ಕೇಳಲಿಲ್ಲ. "ಎಲ್ಲಾರೂ ಮನಿಗಿ ಹ್ವಾದ ಮ್ಯಾಲ್ರಿ."

"ದೇವಿ ಮುಂದ ಇಟ್ಟದ್ದು!"

"ಕೈ ಮುಗದು ತಗೊಂಡೀನಿ ಅಣ್ಣಾರ, ಕೈ ಮುಗದು ವಾಪಸ್ ಇಟ್ಟೀನಿ. ಆಯುಧ ಕೆಲಸಾ ಮಾಡಿದ್ರ ದೇವಿಗಿ ಸಿಟ್ಟ್ಯಾಕ ಬರ್ತದ್ರಿ?"

"ಯಾರು ಹೇಳಿದ್ರು ನಿನಗ ಮಾಡ ಅಂತ?"

ಅವನು ಶೇಠರ ಕ್ಯಾಬಿನ್ನಿನ ಕಡೆ ಗದ್ದ ಎತ್ತಿ ತೋರಿಸಿದ. "ಆಚೆ ರಸ್ತಾದ ಡೀಲರ್ ಗಾಡಿ ನಮ್ಮಕಿಂತ ಜೋರ ಏರ್ತಾವ ಅಂತ ಗಿರಾಕಿ ಎಲ್ಲಾ ಅತ್ತಾಗ ಹೊಂಟಿದ್ರು. ಗಾಡಿ ಮಾರಾಟ ಆಗಬೇಕಲ್ರಿ? ನಾಕು ಗಾಡಿ ಚಲೋ ಓಡಿದ್ರ ಹತ್ತು ಮಂದಿ ಕೇಳ್ಕೊಂಡು ಬರ್ತಾರ."

"ನನಗ ಒಂದು ಮಾತು ಹೇಳಬಾರದಿತ್ತೇನು? ನಮ್ಮ ಮನ್ಯಾಗ ಕುಂತು ಉಂಡಾಗರ?"

ಆಗ ಅವನು ನಕ್ಕ. ನನ್ನನ್ನು ಸಮಾಧಾನ ಮಾಡುವವನ ಹಾಗೆ, ಪ್ರೀತಿಯಿಂದಲೇ ನಕ್ಕ. "ಹೇಳಿದ್ರ ನಿಮ್ಮ ಮಾರಿ ಮ್ಯಾಲ ಕಾಣತಿತ್ರಿ. ಕಂಪನಿಯವ್ರು ಕಾಗದಾ ಓದೂದಿಲ್ಲ, ನಿಮ್ಮ ಮಾರಿ ನೋಡಿ ಪಾಸ್ ಮಾಡ್ತಾರ. ನಿಮಗ ಗೊತ್ತಿಲ್ದಂಗ ಇಡಬೇಕಂತ ಶೇಠ್‌ಜಿನ ಹೇಳಿದ್ರು. ಸುಳ್ಳು ಹೇಳೂ ಪ್ರಸಂಗ ನಿಮಗ ಬರಬಾರದು ಅಂತ ನಾವು ಎಷ್ಟು ಜ್ವಾಕಿ ಮಾಡೀವಿ, ಅದನ್ನರ ನೋಡ್ರಿ."

ಬೈದಿದ್ದರೆ ನಾನು ತಿರುಗಿ ಬೈಯುತ್ತಿದ್ದೆ. ನನ್ನ ಪ್ರಾಮಾಣಿಕತೆಯನ್ನು ಇವರು ಒಳ್ಳೆಯ ಪಾನಾದಂತೆ ಎಣ್ಣೆ ಹಚ್ಚಿ, ತುಕ್ಕು ಹಿಡಿಯದಂತೆ ಕಾಪಾಡಿ, ಬೇಕಾದಾಗ ಬಳಸಿಕೊಂಡಿದ್ದರು.

ಶೇಠರು ಮರಾಠಿಯಲ್ಲಿ ಮಾತಾಡುತ್ತಿದ್ದರು, ಎಂದೂ ದನಿ ಏರಿಸುತ್ತಿರಲಿಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ ಚಹಾ ತರಿಸಿದರು.

"ಸೀಲು ಜಾಗದಲ್ಲಿ ಇದೆಯೋ ಇಲ್ಲವೋ?"

"ಇದೆ."

"ನಂಬರು ನಮ್ಮದೋ ಅಲ್ಲವೋ?"

"ನಮ್ಮದೇ."

"ಕಂಪನಿ ಕೇಳುವುದು ಅಷ್ಟನ್ನೇ. ಅಷ್ಟನ್ನೇ ಬರೆಯಿರಿ. ಆ ಬಡವನಿಗೆ ವಾರದಲ್ಲಿ ಹೊಸ ಇಂಜಿನ್ ಬರುತ್ತದೆ. ಹೆಚ್ಚು ಬರೆದರೆ ಕಂಪನಿ ಒಂದು ಬೋಲ್ಟು ಸಹ ಕೊಡುವುದಿಲ್ಲ. ಅವನ ಅನ್ನ ಕಸಿದ ಪುಣ್ಯ ನಿಮಗೇ ಇರಲಿ."

ಚಹಾ ಮುಟ್ಟದೆ ಹೊರಗೆ ಬಂದೆ. ಶೇಠರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಅದೇ ನನ್ನನ್ನು ಕಾಡಿತು. ಸೀಲು ಇದೆ ಎಂದು ಬರೆದರೆ ನಾನು ಸುಳ್ಳು ಬರೆದಂತಾಗುವುದಿಲ್ಲ. ಮಾಲೀಕನಿಗೆ ಇಂಜಿನ್ ಸಿಗುತ್ತದೆ. ರವಿವಾರ ರೊಟ್ಟಿ ಮೊದಲಿನಂತೆ ನಡೆಯುತ್ತದೆ. ಇನ್ನೊಂದು ಕಡೆ, ತಿರುಚಿದ ಪಂಪಿಗೆ ನಮ್ಮ ಸೀಲು ಇದೆ ಎಂದು ಬರೆದರೆ ಮೊದಲು ಬೆರಳು ತೋರುವುದು ನನ್ನ ಕಡೆಗೇ. ಪಕ್ಕಡ ನನ್ನ ವಶದ್ದು, ಕೀಲಿ ನನ್ನ ಕೊರಳಿನದು.

ಅಂಗಳದಲ್ಲಿ ಮಾಲೀಕನ ಹೆಂಡತಿ ಗಾಡಿಯ ಗಾಲಿಗೆ ಒರಗಿ ಕೂತಿದ್ದಳು. ಬಲಗೈಯ ಎರಡು ಬೆರಳಿಗೆ ಚಿಂದಿ ಸುತ್ತಿದ್ದಳು. ಕಲ್ಲು ಕೊಡುವಾಗ ಗಾಲಿಯಡಿ ಸಿಕ್ಕಿದ್ದವು ಎಂದಳು. ನವಮಿಗೆ ಪೂಜೆಯಾದ ಉಳಿದ ಗಾಡಿಗಳು ಆ ಹೊತ್ತಿಗೆ ಯಾವ ಯಾವ ಘಾಟಿನಲ್ಲಿದ್ದವೋ. ನಾನು ಸ್ವಾರಗೇಟಿನ ಅಂಚೆ ಕಚೇರಿಗೆ ಹೋಗಿ ಅಲ್ಲಿಂದ ಕಂಪನಿಯ ಸರ್ವಿಸ್ ಇಂಜಿನಿಯರಿಗೆ ಫೋನು ಮಾಡಿದೆ. ನವಮಿಯ ರಾತ್ರಿಯ ಸಂಗತಿಯನ್ನೆಲ್ಲ ಹೇಳಿ, ಸೀಲು ಕತ್ತರಿಸುವ ಮೊದಲು ನೀವೇ ಬಂದು ನೋಡಬೇಕು ಎಂದೆ. ಮರಳಿ ಬಂದು ಮಾಲೀಕನಿಗೂ ಹೇಳಿದೆ: "ನನಗ ಹೇಳಿದ್ದನ್ನ ಅವರಿಗೂ ಹೇಳು. ತಪ್ಪು ವರ್ಕ್‌ಶಾಪಿಂದು. ಇಂಜಿನ್ ಶೇಠ್‌ರು ಕೊಡಬೇಕಾಗ್ತದ, ಕೊಡಸ್ತೀನಿ." ಅವನು ಆಗಲಿ ಎಂದು ತಲೆ ಆಡಿಸಿದ.

ಇಂಜಿನಿಯರ್ ಬಂದದ್ದು ಮರುದಿನ ಮಧ್ಯಾಹ್ನ. ನಿಷ್ಠುರ ಮನುಷ್ಯ, ಮಾತು ಕಡಿಮೆ. ಮಾಲೀಕನನ್ನೇ ಮೊದಲು ಕೇಳಿದರು. ಅವರಿಗೆ ಕನ್ನಡ ಬಾರದು. ಅವನು ತನ್ನ ಹರಕು ಮರಾಠಿಯಲ್ಲಿ, ನನ್ನ ಕಡೆ ನೋಡದೆ ಉತ್ತರಿಸಿದ. ಪಂಪನ್ನು ಯಾರೂ ಮುಟ್ಟಿಲ್ಲ. ಪುಲ್ಲಿಂಗ್ ಎಂದರೆ ಏನೆಂದೇ ತನಗೆ ಗೊತ್ತಿಲ್ಲ. ಹಬ್ಬಕ್ಕೆ ಗಾಡಿ ತಂದದ್ದು ಪೂಜೆಗೆ, ಬೇರೆ ಯಾವುದಕ್ಕೂ ಅಲ್ಲ.

"ನಿನ್ನಿ ನನ್ನ ಮುಂದ ಏನು ಹೇಳಿದ್ಯೋ?" ಎಂದೆ, ಕನ್ನಡದಲ್ಲಿ.

ಅವನು ಮರಾಠಿಯಲ್ಲೇ ಇಂಜಿನಿಯರಿಗೆ ಹೇಳಿದ: "ಈ ಸಾಹೇಬರಿಗೆ ಫೋರ್‌ಮನ್ ಮೇಲೆ ಏನೋ ಸಿಟ್ಟಿದೆ ಸಾಹೇಬ. ಅವರ ಜಗಳದಲ್ಲಿ ನನ್ನ ಗಾಡಿ ನಿಲ್ಲಿಸಬೇಡಿ."

ಆ ವಾಕ್ಯ ಅವನದಲ್ಲ ಎಂದು ನನಗೆ ಗೊತ್ತಾಯಿತು. ಅವನ ಮರಾಠಿ ಅಷ್ಟು ನೇರವಾಗಿರಲಿಲ್ಲ. ಯಾರೋ ಹೇಳಿಕೊಟ್ಟು ಬಾಯಿಪಾಠ ಮಾಡಿಸಿದ್ದರು. ಬಾಗಿಲ ಹತ್ತಿರ ನಿಂತಿದ್ದ ಫೋರ್‌ಮನ್ ಚಿಂದಿಯಿಂದ ಕೈ ಒರೆಸಿಕೊಳ್ಳುತ್ತಿದ್ದ. ಕೈ ಸ್ವಚ್ಛವಾಗಿಯೇ ಇತ್ತು.

ಇಂಜಿನಿಯರಿಗೆ ಭೂತಗನ್ನಡಿ ಕೊಟ್ಟೆ. ಅವರು ಬಹಳ ಹೊತ್ತು ನೋಡಿ, ತಾವೇ ತಂತಿ ಕತ್ತರಿಸಿ, ಸೀಲನ್ನು ಕಾಗದದಲ್ಲಿ ಮಡಿಚಿ ಕಿಸೆಗೆ ಹಾಕಿಕೊಂಡರು. ಪಂಪನ್ನು ಇಳಿಸಿ ಟೆಸ್ಟ್ ಬೆಂಚಿಗೆ ಕಟ್ಟಿದೆವು. ಬೆಂಚು ಪಂಪನ್ನು ಇಂಜಿನ್ನಿನ ವೇಗಕ್ಕೆ ತಿರುಗಿಸುತ್ತದೆ. ಪ್ರತಿ ಸಿಲಿಂಡರಿಗೆ ಹೋಗಬೇಕಾದ ಡೀಸೆಲ್ ಒಂದೊಂದು ಗಾಜಿನ ನಳಿಗೆಯಲ್ಲಿ ಇಳಿಯುತ್ತದೆ. ಎಲ್ಲಿಗೆ ನಿಲ್ಲಬೇಕು ಎಂದು ನಳಿಗೆಯ ಮೇಲೆ ಗೆರೆ ಇದೆ. ನಾಲ್ಕೂ ನಳಿಗೆಗಳಲ್ಲಿ ಡೀಸೆಲ್ ಗೆರೆ ಮುಟ್ಟಿ, ದಾಟಿ, ಇನ್ನೂ ಏರಿತು. ನಾನು ಬೆಂಚು ನಿಲ್ಲಿಸಿದೆ.

"ಸೀಲು ನಿಮ್ಮದು. ಪಕ್ಕಡ ಯಾರ ಹತ್ತಿರ ಇರುತ್ತದೆ?" ಇಂಜಿನಿಯರ್ ಕೇಳಿದರು.

"ನನ್ನ ಹತ್ತಿರ."

"ಪೂಜೆಗೆ ಹೊರಗೆ ತೆಗೆದು ಇಟ್ಟವರು?"

"ನಾನೇ."

ಕ್ಯಾಬಿನ್ನಿನಿಂದ ಬಂದು ನಿಂತಿದ್ದ ಶೇಠರು ಆಗ ಬಾಯಿ ತೆರೆದರು. "ನಾನು ಮೊದಲಿನಿಂದಲೂ ಇವರ ಮೇಲೆ ಪೂರ್ತಿ ಭರವಸೆ ಇಟ್ಟಿದ್ದೆ ಸಾಹೇಬ. ಪಕ್ಕಡದ ಜವಾಬ್ದಾರಿ ಇವರಿಗೇ ಬಿಟ್ಟಿದ್ದೆ. ಇನ್ನು ಯಾರನ್ನು ನಂಬುವುದು ಹೇಳಿ?" ಅವರ ಕಣ್ಣಲ್ಲಿ ನೀರು ಬಂದಿತ್ತು. ನಿಜವಾದ ನೀರು.

ನಾನು ಫೋರ್‌ಮನ್ನನ ಕಡೆ ನೋಡಿದೆ. ಒಂದು ಮಾತು ಸಾಕಿತ್ತು. ಅವನು ಬೆಂಚಿನ ನಳಿಗೆಗಳನ್ನು ಒಂದೊಂದಾಗಿ ಬರಿದು ಮಾಡಲು ಶುರು ಮಾಡಿದ, ಯಾರೂ ಹೇಳದೆಯೇ.

ಇಂಜಿನಿಯರ್ ತಮ್ಮ ವರದಿಯಲ್ಲಿ ಹೆಚ್ಚು ಬರೆಯಲಿಲ್ಲ. ಪಂಪಿನ ಅಳತೆ ಬದಲಿಸಿದ್ದು ಡೀಲರ್ ವರ್ಕ್‌ಶಾಪಿನಲ್ಲಿ, ಡೀಲರ್ ಪಕ್ಕಡದಿಂದ. ಮಾಲೀಕನ ಪಾತ್ರ ಸಾಬೀತಾಗಿಲ್ಲ. ಕಂಪನಿಯ ವಾರಂಟಿ ಅನ್ವಯಿಸುವುದಿಲ್ಲ, ಇಂಜಿನ್ ಡೀಲರ್ ತನ್ನ ಖರ್ಚಿನಲ್ಲಿ ಕೊಡತಕ್ಕದ್ದು. ಇಂದಿನಿಂದ ಪಕ್ಕಡ ಕಂಪನಿಯ ವಶ. ನವಮಿಗೆ ಪೂಜೆಯಾದ ಗಾಡಿಗಳನ್ನೆಲ್ಲ ಕರೆಸಿ ಪಂಪು ಸರಿಮಾಡಬೇಕು ಎಂಬ ನನ್ನ ಮಾತನ್ನೂ ಸೇರಿಸಿಕೊಂಡರು. ಹೊರಡುವಾಗ ನನ್ನನ್ನು ಬದಿಗೆ ಕರೆದು, "ನೀವು ಮಾಡಿಲ್ಲ ಎಂದು ನನಗೆ ಗೊತ್ತು. ಆದರೆ ಇನ್ನು ನಿಮ್ಮ ಸಹಿಗೆ ನಾನು ಗಾಡಿ ಪಾಸ್ ಮಾಡಲಾರೆ. ಅರ್ಥ ಮಾಡಿಕೊಳ್ಳಿ" ಎಂದರು. ಅರ್ಥ ಮಾಡಿಕೊಂಡೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಪಕ್ಕಡವನ್ನು ಒರೆಸಿ ಕೊಟ್ಟೆ. ಕೊರಳ ದಾರದ ಕೀಲಿಯನ್ನು ಶೇಠರ ಮೇಜಿನ ಮೇಲಿಟ್ಟೆ. ಮರುದಿನದಿಂದ ನನ್ನ ಜಾಗ ಬಿಡಿಭಾಗಗಳ ಕೌಂಟರು. ಅಲ್ಲಿ ಯಾರಿಗೂ ನನ್ನ ಮುಖ ನೋಡಿ ನಂಬುವ ಅಗತ್ಯವಿರಲಿಲ್ಲ. ಬೇರಿಂಗಿನ ಡಬ್ಬದ ಮೇಲೆ ಎಲ್ಲ ಬರೆದಿರುತ್ತದೆ. ರವಿವಾರ ಫೋರ್‌ಮನ್ ಬರಲಿಲ್ಲ. ನನ್ನ ಹೆಂಡತಿ ಅಭ್ಯಾಸಬಲದಿಂದ ಅವನ ರೊಟ್ಟಿಯನ್ನೂ ತಟ್ಟಿದ್ದಳು. ಅವನನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ಮುಂದೆ ತಾನಾಗಿಯೇ ಬಿಟ್ಟು ಕೊಂಢವಾದಲ್ಲಿ ಸ್ವಂತ ಗ್ಯಾರೇಜು ತೆರೆದ. ಪೂಜೆಗೆ ಬರಬೇಕೆಂದು ಅವನ ಹೆಂಡತಿ ನಮ್ಮ ಮನೆಗೆ ಬಂದು ಕುಂಕುಮ ಇಟ್ಟು ಕರೆದು ಹೋದಳು. ನಾನು ಹೋಗಲಿಲ್ಲ. ನನ್ನ ಹೆಂಡತಿ ಹೋಗಿ ಬಂದಳು. ಗ್ಯಾರೇಜು ದೊಡ್ಡದಿದೆ ಎಂದಳು.

ಅದಾದ ಮೇಲೆ ಒಂದು ಬೆಳಿಗ್ಗೆ ಶುಂಠಿಯ ಮಾಲೀಕ ಫಿಲ್ಟರ್ ಕೊಳ್ಳಲು ನನ್ನ ಕೌಂಟರಿಗೆ ಬಂದ. ಶೇಠರು ಕೊಟ್ಟ ಹೊಸ ಇಂಜಿನ್ನಿನಲ್ಲಿ ಗಾಡಿ ಓಡುತ್ತಿತ್ತು. ಕಂಪನಿಯ ಅಳತೆಯ ಪಂಪು, ಕಂಪನಿಯ ಸೀಲು, ಹೊಸ ವಾರಂಟಿ. ಅವನು ಫಿಲ್ಟರ್ ಹಿಡಿದುಕೊಂಡು ನಿಂತೇ ಇದ್ದ.

"ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಆವತ್ತು ನಾ ಹಂಗ ಹೇಳಬಾರದಿತ್ತು. ವಾರಂಟಿ ಹೋಗ್ತದ ಅಂತ ಹೆದರ್ಸಿದ್ರು."

"ಆತು. ಬೆರಳು ಹೆಂಗಾವು ನಿಮ್ಮಾಕಿದು?"

"ಒಂದು ಮಡಚಲಿಕ್ಕ ಬರೂದಿಲ್ರಿ. ಉಳದದ್ದು ಎಲ್ಲಾ ಬರೋಬರಿ ಅದ." ಸ್ವಲ್ಪ ತಡೆದ. "ಇಂಜಿನ್ ಚಲೋ ಅದರಿ. ಖರೇ ಘಾಟ್‌ನಾಗ ಭಾಳ ಸೋಲ್ತದ. ಎಲ್ಲಾರೂ ದಾಟಿ ಮುಂದ ಹೋಗ್ತಾರ, ನಾ ಮುಟ್ಟೂದ್ರಾಗ ಲಿಲಾವು ಮುಗದಿರ್ತದ. ಆ ಫೋರ್‌ಮನ್ನರು ಕೊಂಢವಾದಾಗ ಗ್ಯಾರೇಜ್ ಹಾಕ್ಯಾರಂತಲ್ರಿ. ಎಲ್ಲಿ ಬರ್ತದರಿ ಅದು?"

"ಸೀಲು ಒಡದ್ರ ವಾರಂಟಿ ಇರೂದಿಲ್ಲ. ಗೊತ್ತದಲ್ಲ?"

"ಗೊತ್ತದ್ರಿ."

"ಗಾಡಿ ಹಿಂದಕ ಜಾರಿದ್ದು ನೆನಪದಲ್ಲ?"

"ಅದೂ ನೆನಪದರಿ." ಅವನು ತಲೆ ತಗ್ಗಿಸಿದ, ಹೊರಡಲಿಲ್ಲ.

ಗೊತ್ತಿಲ್ಲ ಎಂದುಬಿಡಬಹುದಿತ್ತು. ನನಗೆ ಗೊತ್ತಿತ್ತು, ನನ್ನ ಹೆಂಡತಿ ವಿವರವಾಗಿ ಹೇಳಿದ್ದಳು. ಚೌಕ ದಾಟಿ ಎಡಕ್ಕೆ, ಹಿಟ್ಟಿನ ಗಿರಣಿಯ ಪಕ್ಕ, ಹಸಿರು ತಗಡಿನ ಬಾಗಿಲು ಎಂದು ಹೇಳಿದೆ. ಅವನು ಕೈ ಮುಗಿದು ಹೋದ. ನಾನು ಮುಂದಿನ ಗಿರಾಕಿಯ ಚೀಟಿ ತೆಗೆದುಕೊಂಡೆ.